ಹಳೆಯ ಕಾರನ್ನು ತಗ್ಗಿಸಲು ಸ್ಪ್ರಿಂಗ್ ಕತ್ತರಿಸಿದರೆ ಸಾಕೇ?

ಓದುಗರ ಪ್ರಶ್ನೆ: ನನ್ನದು ಎಪ್ಪತ್ತರ ದಶಕದ ಕಾರು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಎರಡು ಇಂಚು ತಗ್ಗಿಸಬೇಕು ಅಂತ ಆಸೆ. ಮುಂದಿನ ಸ್ಪ್ರಿಂಗ್‌ಗಳಲ್ಲಿ ಒಂದೊಂದು ಸುತ್ತು ಕತ್ತರಿಸಿ, ಹಿಂದೆ ಬ್ಲಾಕ್ ಕೂರಿಸಿದರೆ ಕೆಲಸ ಮುಗಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಸ್ಪ್ರಿಂಗಿನ ತುದಿ ಸರಿಯಾದ ಬಗೆಯದಾಗಿದ್ದರೆ ಕತ್ತರಿಸಬಹುದು. ಹಿಂದಿನ ಆಕ್ಸಲ್ ಲೀಫ್ ಸ್ಪ್ರಿಂಗಿನ ಮೇಲೆ ಕೂತಿದ್ದರೆ ಅವೆರಡರ ನಡುವೆ ಲೋಹದ ಬ್ಲಾಕನ್ನೂ ಹಾಕಬಹುದು. ತಪ್ಪಿರುವುದು "ಎರಡು ಇಂಚು" ಎಂದು ಮೊದಲೇ ನಿಶ್ಚಯ ಮಾಡಿಕೊಂಡದ್ದರಲ್ಲಿ. ಕಾರು ಎಷ್ಟು ತಗ್ಗಬಹುದು ಎಂಬುದನ್ನು ಬಂಪ್ ಸ್ಟಾಪ್ (ಚಕ್ರ ಮಿತಿಮೀರಿ ಮೇಲೇರದಂತೆ ತಡೆಯುವ) ರಬ್ಬರಿಗೂ ಅದು ಬಡಿಯುವ ಜಾಗಕ್ಕೂ ನಡುವೆ ಉಳಿದಿರುವ ಅಂತರ ತೀರ್ಮಾನಿಸುತ್ತದೆ. ಆದ್ದರಿಂದ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು ಟೇಪು ಹಿಡಿಯಿರಿ.

ಮೊದಲು ಅಳತೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲ್, ಡಿಕ್ಕಿ ಖಾಲಿ. ಜಾಕಿಯಿಂದ ಈಗಷ್ಟೇ ಇಳಿಸಿದ ಕಾರಾದರೆ ಎರಡು ಮೂರು ಮೀಟರ್ ಹಿಂದೆ ಮುಂದೆ ತಳ್ಳಿ, ಬಂಪರ್ ಒತ್ತಿ ಬಿಡಿ. ಇಲ್ಲದಿದ್ದರೆ ಟೈರುಗಳು ಒಳಕ್ಕೆ ಎಳೆದುಕೊಂಡು ನಿಂತು ಅಳತೆ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನಾಲ್ಕು ಕಡೆಯದನ್ನೂ ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಎಡಕ್ಕೂ ಬಲಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಗ್ಗಿಸುವ ಮಾತನ್ನು ಪಕ್ಕಕ್ಕಿಡಿ. ಒಂದು ಸ್ಪ್ರಿಂಗ್ ಸೋತಿರಬಹುದು, ಲೀಫ್ ಸ್ಪ್ರಿಂಗಿನ ಒಂದು ಪಟ್ಟಿ ಮುರಿದಿರಬಹುದು, ಕೀಲುಗಳಲ್ಲಿರುವ ರಬ್ಬರ್ ಬುಷ್ ಸವೆದು ಹೋಗಿರಬಹುದು, ಸ್ಪ್ರಿಂಗ್ ಕೂರುವ ಬಟ್ಟಲು ತುಕ್ಕು ಹಿಡಿದು ಕುಸಿದಿರಬಹುದು. ಇನ್ನೊಂದು ಮಾತು: ದಶಕಗಳ ಭಾರ ಹೊತ್ತ ಸ್ಪ್ರಿಂಗ್ ಆಗಲೇ ಒಂದಷ್ಟು ಕುಸಿದಿರುತ್ತದೆ. ಸರ್ವಿಸ್ ಕೈಪಿಡಿಯಲ್ಲಿರುವ ಎತ್ತರಕ್ಕೆ ಹೋಲಿಸಿ ನೋಡಿ. ನೀವು ಕತ್ತರಿಸಲು ಹೊರಟಿರುವುದು ಈಗಾಗಲೇ ತಗ್ಗಿದ ಸ್ಪ್ರಿಂಗ್ ಆಗಿರಬಹುದು.

ಆಮೇಲೆ ಬಂಪ್ ಸ್ಟಾಪಿನ ಅಂತರ. ಕಾರು ಚಕ್ರದ ಮೇಲೆ ನಿಂತಿರುವಾಗ ಚಕ್ರ ಇನ್ನೂ 60 ಮಿ.ಮೀ. ಮೇಲೇರಿದರೆ ರಬ್ಬರ್ ತಾಗುತ್ತದೆ ಎಂದುಕೊಳ್ಳೋಣ. 50 ಮಿ.ಮೀ. ತಗ್ಗಿಸಿದರೆ ಉಳಿಯುವುದು 10. ಸಣ್ಣ ಗುಂಡಿಗೂ ಕಾರು ರಬ್ಬರಿನ ಮೇಲೆ ಕೂರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ ಸರಿದೂಗಿಸುತ್ತೇನೆ ಎಂದರೆ ಲೆಕ್ಕ ಒಪ್ಪುವುದಿಲ್ಲ: ಅದೇ ಪೆಟ್ಟನ್ನು ಅರ್ಧ ದೂರದಲ್ಲಿ ನುಂಗಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿ ಇರಬೇಕು. ಅಂಥ ಕಾರಿನಲ್ಲಿ ಕೂರಲಾಗದು. ರಬ್ಬರನ್ನು ಕೊಂಚ ಕತ್ತರಿಸಿ ಜಾಗ ಮಾಡಿಕೊಳ್ಳಬಹುದು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಪೂರ್ತಿ ತೆಗೆದರಂತೂ ಪೆಟ್ಟು ಶಾಕ್ ಅಬ್ಸಾರ್ಬರಿನ ತಳಕ್ಕೆ ಬಿದ್ದು ಒಳಗಿನ ವಾಲ್ವ್ ಹಾಳಾಗುತ್ತದೆ, ಅದನ್ನು ಕಟ್ಟಿರುವ ಬ್ರಾಕೆಟ್ ಬಿರುಕು ಬಿಡುತ್ತದೆ.

ರಸ್ತೆಯಲ್ಲಿ ಓಡಿಸುವ ಹಳೆಯ ಕಾರಿಗೆ ನಮ್ಮ ಸಲಹೆ 25ರಿಂದ 30 ಮಿ.ಮೀ. ನೋಟಕ್ಕೆ ಅಷ್ಟೇ ಸಾಕು. ಮಡ್‌ಗಾರ್ಡಿನೊಳಗಿನ ಖಾಲಿ ಜಾಗ ತುಂಬಿ ಕಾರು ನೆಲಕ್ಕೆ ಅಂಟಿದಂತೆ ಕಾಣುತ್ತದೆ. ತಗ್ಗಿದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆಗೆ ಹೆಚ್ಚು ಬೆಲೆ ಕೊಡಬೇಡಿ. ಕಾರಿನ ಗುರುತ್ವ ಕೇಂದ್ರ ನೆಲದಿಂದ 500 ಮಿ.ಮೀ. ಎತ್ತರದಲ್ಲಿದ್ದರೆ 30 ಮಿ.ಮೀ. ತಗ್ಗಿಸಿದಾಗ ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ವರ್ಗವಾಗುವ ಭಾರ ಶೇ. 6ರಷ್ಟು ಮಾತ್ರ ಕಡಿಮೆಯಾಗುತ್ತದೆ. ಚಾಲನೆಯಲ್ಲಿ ತಿಳಿಯುವ ಬಹುಪಾಲು ಬದಲಾವಣೆ ಒಳ್ಳೆಯ ಶಾಕ್ ಅಬ್ಸಾರ್ಬರ್, ಹೊಸ ಬುಷ್, ತುಸು ಗಟ್ಟಿ ಸ್ಪ್ರಿಂಗ್‌ಗಳಿಂದ ಬರುವಂಥದ್ದು.

ಕಾಯಿಲ್ ಸ್ಪ್ರಿಂಗ್: ಒಂದು ಸುತ್ತು ಎಂದರೆ ಎಷ್ಟು?

ಇಲ್ಲೇ ಹೆಚ್ಚಿನವರು ಎಡವುವುದು. ಭಾರ ಹೊತ್ತು ನಿಂತ ಸ್ಪ್ರಿಂಗಿನ ಎತ್ತರ 200 ಮಿ.ಮೀ., ಅದರಲ್ಲಿ ಕೆಲಸ ಮಾಡುವ ಸುತ್ತು 6 ಎಂದಿಟ್ಟುಕೊಳ್ಳಿ. ತುದಿಯಲ್ಲಿ ಬಟ್ಟಲಿಗೆ ಅಂಟಿಕೊಂಡು ಕೂತಿರುವ ಭಾಗವನ್ನು ಎಣಿಸಬಾರದು. 200ನ್ನು 6ರಿಂದ ಭಾಗಿಸಿದರೆ ಸುತ್ತಿಗೆ ಸುಮಾರು 33 ಮಿ.ಮೀ. ಒಂದು ಸುತ್ತು ಹೋದರೆ ಸ್ಪ್ರಿಂಗ್ 33 ಮಿ.ಮೀ. ತಗ್ಗುತ್ತದೆ. ಕಾರು ಅದಕ್ಕಿಂತ ಹೆಚ್ಚು ತಗ್ಗಬಹುದು. ಚಕ್ರವನ್ನು ಚಾಸಿಗೆ ಸೇರಿಸುವ ಆರ್ಮ್ ಮೇಲೊಂದು ಕೆಳಗೊಂದು ಇರುವ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಲೋವರ್ ಆರ್ಮಿನ ನಡುವೆಲ್ಲೋ ಕೂತಿರುತ್ತದೆ. ಸ್ಪ್ರಿಂಗ್ 6 ಮಿ.ಮೀ. ಚಲಿಸಿದರೆ ಚಕ್ರ 10 ಮಿ.ಮೀ. ಚಲಿಸುವ ಜೋಡಣೆಯಾದರೆ 33 ಮಿ.ಮೀ. ಎಂಬುದು ಚಕ್ರದ ಬಳಿ 55 ಆಗುತ್ತದೆ. ನೀವು ಕೇಳಿದ ಎರಡು ಇಂಚಿಗಿಂತಲೂ ಜಾಸ್ತಿ! ಅರ್ಧ ಸುತ್ತು ಕತ್ತರಿಸಿದರೆ ಸುಮಾರು 28 ಮಿ.ಮೀ.; ಬೇಕಿರುವುದು ಅಷ್ಟೇ. ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂತಿರುವ ಜೋಡಣೆ) ಇರುವ ಕಾರಿನಲ್ಲಿ ಸ್ಪ್ರಿಂಗ್ ಮತ್ತು ಚಕ್ರ ಹೆಚ್ಚುಕಡಿಮೆ ಸಮಸಮ ಚಲಿಸುತ್ತವೆ.

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. 6ರಲ್ಲಿ ಅರ್ಧ ಹೋದರೆ ಶೇ. 9, ಒಂದು ಹೋದರೆ ಶೇ. 20. ಮೊದಲನೆಯದು ಒಳ್ಳೆಯದೇ, ಕಳೆದುಹೋದ ಚಲನೆಗೆ ಅಷ್ಟಾದರೂ ಗಟ್ಟಿತನ ಬೇಕು. ಎರಡನೆಯದಕ್ಕೆ ಹಳೆಯ ಶಾಕ್ ಅಬ್ಸಾರ್ಬರ್ ಸಾಲದೆ ಕಾರು ಕುಪ್ಪಳಿಸಲು ಶುರುಮಾಡಬಹುದು.

ಎಲ್ಲ ಸ್ಪ್ರಿಂಗನ್ನೂ ಕತ್ತರಿಸಲಾಗದು. ತುದಿಯ ಸುತ್ತು ಒಳಕ್ಕೆ ಸುತ್ತಿಕೊಂಡು ಸಣ್ಣದಾಗಿದ್ದರೆ ಅಥವಾ ಉಜ್ಜಿ ಚಪ್ಪಟೆ ಮಾಡಿದ್ದರೆ ಆ ತುದಿಯನ್ನು ಮುಟ್ಟಬೇಡಿ. ಕತ್ತರಿಸಿದ ಮೇಲೆ ಅದು ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಬಟ್ಟಲಿನಲ್ಲಿ ತುದಿ ತಾಗಿ ನಿಲ್ಲಲು ಮೆಟ್ಟಿಲಿದ್ದು, ಸ್ಪ್ರಿಂಗಿನ ತುದಿ ಹಾಗೇ ನೇರ ಕೊನೆಯಾಗಿದ್ದರೆ ಆ ತುದಿಯಿಂದ ಕತ್ತರಿಸಬಹುದು. ಇನ್ನೊಂದು ತುದಿ ಚಪ್ಪಟೆಯಾಗಿದ್ದರೆ ಸ್ಪ್ರಿಂಗನ್ನು ತಿರುಗಿಸಿ ಹೊಸ ತುದಿಯನ್ನು ಮೆಟ್ಟಿಲಿಗೆ ತಾಗಿಸಿದರಾಯಿತು. ಮೇಲೂ ಕೆಳಗೂ ಮೆಟ್ಟಿಲಿದ್ದರೆ ಅರ್ಧ ಸುತ್ತು ಕತ್ತರಿಸಿದಾಗ ಎರಡರಲ್ಲಿ ಒಂದು ತಪ್ಪುತ್ತದೆ. ಅಂಥ ಕಾರಿಗೆ ಬೇಕಾದ ಎತ್ತರಕ್ಕೇ ತಯಾರಾದ ಸ್ಪ್ರಿಂಗ್ ಕೊಳ್ಳುವುದು ಸರಿ.

ಕತ್ತರಿಸುವುದು ಗ್ರೈಂಡರಿನ ತೆಳು ಡಿಸ್ಕಿನಿಂದಲೇ ಆಗಬೇಕು. ನಡುನಡುವೆ ನಿಲ್ಲಿಸಿ, ಕಂಬಿ ಕೈಯಲ್ಲಿ ಮುಟ್ಟುವಷ್ಟು ತಣ್ಣಗಿರಲಿ. ಗ್ಯಾಸ್ ಕಟರ್ ಬೇಡ. ಸ್ಪ್ರಿಂಗಿಗೆ ಬಿಸಿ ಕೊಟ್ಟು ಕುಗ್ಗಿಸುವುದಂತೂ ಬೇಡವೇ ಬೇಡ: ಉಕ್ಕಿನ ಹದ ಹೋಗಿ ಆ ಸುತ್ತುಗಳು ದಿನದಿನಕ್ಕೆ ಕುಸಿಯುತ್ತವೆ, ಮುರಿಯಲೂಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಅಳತೆಗೆ ಕತ್ತರಿಸಿ, ತುದಿಯ ಚೂಪನ್ನು ಉಜ್ಜಿ ಬಣ್ಣ ಬಳಿಯಿರಿ. ಸಾಧ್ಯವಾದರೆ ಬೇರೊಂದು ಹಳೆಯ ಜೊತೆಯನ್ನು ಕತ್ತರಿಸಿ, ಕಾರಿನ ಮೂಲ ಸ್ಪ್ರಿಂಗ್‌ಗಳನ್ನು ಎತ್ತಿಡಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಸ್ಪ್ರಿಂಗ್ ಬಿಚ್ಚುವಾಗ ಎಚ್ಚರ. ಕಾರಿನಲ್ಲಿ ಕೂತ ಸ್ಪ್ರಿಂಗಿನಲ್ಲಿ ಐನೂರು ಕಿಲೋ ಭಾರದ ಒತ್ತಡ ತುಂಬಿರಬಹುದು. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಲೋವರ್ ಆರ್ಮಿನ ಕೆಳಗೆ ಟ್ರಾಲಿ ಜಾಕಿ ಕೊಟ್ಟು, ಸ್ಪ್ರಿಂಗಿನೊಳಗಿಂದ ಸರಪಳಿ ಹಾಯಿಸಿ ಚಾಸಿಗೆ ಕಟ್ಟಿದ ಮೇಲೆಯೇ ಬಾಲ್ ಜಾಯಿಂಟ್ ಬಿಡಿಸಿ, ಜಾಕಿಯನ್ನು ನಿಧಾನಕ್ಕೆ ಇಳಿಸಿ. ಸ್ಟ್ರಟ್ ಆದರೆ ಸ್ಪ್ರಿಂಗ್ ಕಂಪ್ರೆಸರ್ ಬಿಗಿಯುವ ಮೊದಲು ಮೇಲಿನ ನಡು ನಟ್ಟಿಗೆ ಪಾನಾ ತಾಗಿಸಲೇಬೇಡಿ.

ಜೋಡಿಸಿದ ನಂತರ ಕಾರನ್ನೆತ್ತಿ ಚಕ್ರ ನೇತಾಡುವಂತೆ ಬಿಟ್ಟು ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಅದು ಸಡಿಲ. ಚಕ್ರ ಗಾಳಿಗೆದ್ದಾಗ ಬಟ್ಟಲಿನಿಂದ ಜಾರುತ್ತದೆ. ಉದ್ದ ಕಡಿಮೆಯಿರುವ ಶಾಕ್ ಅಬ್ಸಾರ್ಬರ್ ಹಾಕಿದರೆ ಚಕ್ರ ಅಷ್ಟು ಕೆಳಗೆ ಇಳಿಯುವುದಿಲ್ಲ.

ಹಿಂದಿನ ಬ್ಲಾಕ್

ಕಾರಿನ ಕೆಳಗೆ ಬಗ್ಗಿ ನೋಡಿ. ಆಕ್ಸಲ್ ಲೀಫ್ ಸ್ಪ್ರಿಂಗಿನ ಮೇಲಿದ್ದರೆ ನಡುವೆ ಬ್ಲಾಕ್ ಕೂರಿಸಿದಾಗ ಕಾರು ತಗ್ಗುತ್ತದೆ. ಸ್ಪ್ರಿಂಗೇ ಆಕ್ಸಲಿನ ಮೇಲಿದ್ದರೆ ಅದೇ ಬ್ಲಾಕ್ ಕಾರನ್ನು ಎತ್ತರಿಸುತ್ತದೆ.

25 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಅಥವಾ ಅಲ್ಯೂಮಿನಿಯಂ ಬ್ಲಾಕ್ ಸಾಕು. ಸ್ಪ್ರಿಂಗಿನ ನಡು ಬೋಲ್ಟಿನ ತಲೆ ಬ್ಲಾಕಿನ ತೂತಿನಲ್ಲೂ, ಬ್ಲಾಕಿನ ಮೇಲಿನ ಗೂಟ ಆಕ್ಸಲಿನ ತೂತಿನಲ್ಲೂ ಪೂರ್ತಿ ಇಳಿದಿರಬೇಕು. ಅರೆಬರೆ ಕೂತರೆ ಬ್ರೇಕ್ ಹಾಕಿದಾಗ ಆಕ್ಸಲ್ ಓರೆಯಾಗುತ್ತದೆ. ಇವನ್ನೆಲ್ಲ ಒಟ್ಟಿಗೆ ಬಿಗಿಯುವ ಯು-ಬೋಲ್ಟ್ ಬ್ಲಾಕಿನ ದಪ್ಪದಷ್ಟು ಉದ್ದ ಹೆಚ್ಚಿರಬೇಕು, ಹೊಸದೇ ಆಗಿರಬೇಕು. ಬ್ಲಾಕಿನ ಮೇಲೆ ಬ್ಲಾಕ್ ಪೇರಿಸಬಾರದು. ಬ್ಲಾಕ್ ಎತ್ತರವಾದಷ್ಟೂ ಆಕ್ಸಲಿಗೆ ಸ್ಪ್ರಿಂಗನ್ನು ತಿರುಚುವ ಸನ್ನೆಬಲ ಹೆಚ್ಚುತ್ತದೆ. ಕ್ಲಚ್ ಬಿಟ್ಟು ಹೊರಡುವಾಗ ಹಿಂಭಾಗ ಧಡಧಡ ನಡುಗಿದರೆ ಕಾರಣ ಅದೇ.

ಶಾಕ್ ಅಬ್ಸಾರ್ಬರಿನ ಕೆಳತುದಿ ಎಲ್ಲಿ ಕಟ್ಟಿದೆ ಎಂದೂ ನೋಡಿ. ಸ್ಪ್ರಿಂಗಿನ ಕೆಳಗಿನ ಪ್ಲೇಟಿಗೆ ಕಟ್ಟಿದ್ದರೆ ಬ್ಲಾಕ್ ಹಾಕಿದರೂ ಅದರ ಉದ್ದ ಬದಲಾಗದು. ಆದರೆ ಆ ಪ್ಲೇಟ್ ರಸ್ತೆಗೆ 25 ಮಿ.ಮೀ. ಹತ್ತಿರವಾಗುತ್ತದೆ. ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ನೇತಾಡಬಾರದು. ಟೈರ್ ಪಂಕ್ಚರ್ ಆದಾಗ ಅದು ನೆಲಕ್ಕೆ ತಗಲುತ್ತದೆ. ಆಕ್ಸಲಿಗೇ ಕಟ್ಟಿದ್ದರೆ ಶಾಕ್ ಅಬ್ಸಾರ್ಬರ್ ಅಷ್ಟು ಒಳಗೆ ಹೋಗಿರುತ್ತದೆ, ಅದರ ಉಳಿದ ಚಲನೆಯನ್ನು ಅಳೆಯಬೇಕು. ಆಕ್ಸಲ್ ಪೂರ್ತಿ ಮೇಲೆದ್ದಾಗ ಸೈಲೆನ್ಸರ್ ಪೈಪಿಗೆ, ನೆಲದ ತಗಡಿಗೆ ಪ್ರೊಪೆಲ್ಲರ್ ಶಾಫ್ಟ್ ತಾಗುವುದೇ ಎಂಬುದನ್ನೂ ಆಗಲೇ ನೋಡಿಬಿಡಿ.

ಬ್ಲಾಕಿಗಿಂತ ಒಳ್ಳೆಯ ದಾರಿ ಪಟ್ಟಿಗಳ ಬಾಗನ್ನೇ ಕಡಿಮೆ ಮಾಡಿಸುವುದು. ಸ್ಪ್ರಿಂಗ್ ಕೆಲಸ ಬಲ್ಲವರು ಮಾಡಿದರೆ ಸನ್ನೆಬಲದ ತೊಂದರೆ ಇಲ್ಲ. ಬಾಗು ಇಳಿದಾಗ ಸ್ಪ್ರಿಂಗ್ ಉದ್ದವಾಗಿ ಅದರ ಹಿಂತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ವಾಲುತ್ತದೆ. ಅದು ಬಾಡಿಗೆ ತಾಗದಂತೆ ನೋಡಿಕೊಂಡರೆ ಆಯಿತು.

ಎತ್ತರ ಬದಲಾದಾಗ ಕೆಡುವುದು ಏನೇನು

ಮುಂದಿನ ಲೋವರ್ ಆರ್ಮನ್ನು ಎದುರಿನಿಂದ ನೋಡಿ. ಸ್ಟ್ರಟ್ ಕಾರಿನಲ್ಲಿ ಹೊರಗಿನ ಬಾಲ್ ಜಾಯಿಂಟ್ ಒಳಗಿನ ಬೋಲ್ಟಿಗಿಂತ ಕೆಳಗಿರಬೇಕು, ಹೆಚ್ಚೆಂದರೆ ಸಮಕ್ಕೆ. ತಗ್ಗಿಸಿದ ಮೇಲೆ ಬಾಲ್ ಜಾಯಿಂಟ್ ಮೇಲಾದರೆ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ವಾಲುವ ಕೇಂದ್ರಬಿಂದು) ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕುಸಿದು, ತಗ್ಗಾದ ಕಾರೇ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಸ್ಟ್ರಟ್ಟಿಗೂ ಸ್ಟಿಯರಿಂಗ್ ಆರ್ಮಿಗೂ ನಡುವೆ ಸ್ಪೇಸರ್ ಹಾಕಿ ಇದನ್ನು ಸರಿಪಡಿಸುತ್ತಾರೆ. ಎರಡು ಆರ್ಮಿನ ಕಾರಿಗೆ ಚಕ್ರ ಕೂರುವ ಸ್ಟಬ್ ಆಕ್ಸಲ್ ಎತ್ತರದಲ್ಲಿರುವ, ಎರಡು ಆರ್ಮನ್ನೂ ಜೋಡಿಸುವ ಅಪ್‌ರೈಟ್ ಸಿಕ್ಕರೆ ಸ್ಪ್ರಿಂಗ್ ಮುಟ್ಟದೆ, ಆರ್ಮಿನ ಕೋನವೂ ಕೆಡದೆ ಕಾರು ತಗ್ಗುತ್ತದೆ.

ಸ್ಟಿಯರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಮತ್ತು ಲೋವರ್ ಆರ್ಮ್ ಬೇರೆ ಬೇರೆ ವೃತ್ತದಲ್ಲಿ ತಿರುಗತೊಡಗಿದರೆ ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ಸ್ಪ್ರಿಂಗ್ ಹೊರಗಿರುವಾಗಲೇ ಇದನ್ನು ಪರೀಕ್ಷಿಸಬಹುದು. ಹಬ್ಬಿಗೆ ಚಪ್ಪಟೆ ಹಲಗೆ ಕಟ್ಟಿ, ಜಾಕಿಯಿಂದ 10 ಮಿ.ಮೀ.ನಂತೆ ಎತ್ತುತ್ತಾ ಹಲಗೆಯ ಮುಂದಿನ ಮತ್ತು ಹಿಂದಿನ ಅಂಚಿಗೆ ಕಾರಿನ ನಡುರೇಖೆಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. ಹೊಸ ಎತ್ತರದಿಂದ 25 ಮಿ.ಮೀ. ಮೇಲೆ ಕೆಳಗೆ ಹೋದಾಗ ಎರಡರ ವ್ಯತ್ಯಾಸ ಒಂದೆರಡು ಮಿ.ಮೀ.ಗಿಂತ ಹೆಚ್ಚು ಬದಲಾದರೆ ಅಷ್ಟು ತಗ್ಗಿಸಬೇಡಿ. ಟೈರ್ ಎಲ್ಲಿಯಾದರೂ ಉಜ್ಜುತ್ತದೆಯೇ, ಬ್ರೇಕ್ ಹೋಸ್ ಎಳೆಯುತ್ತದೆಯೇ ಎಂದು ಚಕ್ರ ಹಾಕಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲೂ ಇದೇ ಸಮಯ.

ಬಹಳ ಜನ ಮರೆಯುವುದು ಹಿಂದಿನ ಬ್ರೇಕ್ ವಾಲ್ವನ್ನು. ಕೆಲವು ಕಾರುಗಳಲ್ಲಿ ಬಾಡಿಗೂ ಆಕ್ಸಲಿಗೂ ನಡುವೆ ಸಣ್ಣ ಸನ್ನೆಯಿರುವ ವಾಲ್ವ್ ಇರುತ್ತದೆ. ಭಾರ ತುಂಬಿ ಹಿಂಭಾಗ ಕೂತಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಕಾರನ್ನು ತಗ್ಗಿಸಿದರೆ ಖಾಲಿ ಕಾರೂ ತುಂಬಿದ ಕಾರಿನಂತೆ ಅದಕ್ಕೆ ತೋರುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಸುತ್ತುತ್ತದೆ. ಹೊಸ ಎತ್ತರಕ್ಕೆ ಅದರ ಸನ್ನೆಯನ್ನು ಹೊಂದಿಸದೆ ಕಾರನ್ನು ರಸ್ತೆಗಿಳಿಸಬೇಡಿ.

ಕೊನೆಯ ಬಿಗಿತ

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು, ಲೀಫ್ ಸ್ಪ್ರಿಂಗಿನ ಕಣ್ಣಿನ ಬೋಲ್ಟ್‌ಗಳನ್ನೂ ಸೇರಿಸಿ, ಚಕ್ರ ನೇತಾಡುತ್ತಿರುವಾಗ ಬಿಗಿಯಬಾರದು. ಆಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಒಂದಷ್ಟು ಹೆಚ್ಚು ತೋರುತ್ತದೆ. ಬೋಲ್ಟ್‌ಗಳನ್ನು ಕೈಬಿಗಿತದಲ್ಲಿಟ್ಟು, ಕಾರನ್ನು ಚಕ್ರದ ಮೇಲೆ ಇಳಿಸಿ, ಕುಲುಕಿ, ನಂತರ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಯು-ಬೋಲ್ಟ್‌ಗಳನ್ನು ನಾಲ್ಕು ನಟ್ಟಿಗೂ ಸ್ವಲ್ಪ ಸ್ವಲ್ಪವೇ, ಅಡ್ಡಡ್ಡ ಕ್ರಮದಲ್ಲಿ.

ಅದೇ ದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಅಳತೆ) ಒಂದನ್ನು ಸರಿಮಾಡಿಸಿ, 200ರಿಂದ 300 ಕಿ.ಮೀ. ಓಡಿಸಿ. ಸ್ಪ್ರಿಂಗ್ ಇನ್ನೂ ಕೆಲವು ಮಿ.ಮೀ. ಕೂರುತ್ತದೆ. ಆಮೇಲೆ ನಾಲ್ಕೂ ಅಳತೆ ಮತ್ತೆ ತೆಗೆದು, ಯು-ಬೋಲ್ಟ್ ನಟ್‌ಗಳನ್ನು ಮತ್ತೊಮ್ಮೆ ಟಾರ್ಕಿಗೆ ಬಿಗಿದು, ಪೂರ್ತಿ ಅಲೈನ್‌ಮೆಂಟ್ ಮಾಡಿಸಿ: ಮೊದಲು ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷದ ಹಿಂದುಮುಂದಿನ ಓರೆ), ಕ್ಯಾಂಬರ್ (ಚಕ್ರದ ಒಳಹೊರಗಿನ ವಾಲು), ಟೋ ಕೊನೆಗೆ, ಏಕೆಂದರೆ ಮೊದಲೆರಡನ್ನು ಮುಟ್ಟಿದಾಗಲೆಲ್ಲ ಟೋ ಬದಲಾಗುತ್ತದೆ. ಮುಂಭಾಗ ಹಿಂಭಾಗ ಒಂದೇ ಅಳತೆಗೆ ತಗ್ಗದಿದ್ದರೆ ಹೆಡ್‌ಲೈಟಿನ ಬೆಳಕೂ ಮೇಲೆ ಕೆಳಗೆ ಸರಿದಿರುತ್ತದೆ, ಅದನ್ನೂ ಹೊಂದಿಸಿ. ವಾಹನದಲ್ಲಿ ಬದಲಾವಣೆ ಮಾಡಿದರೆ ನೋಂದಣಿ ಕಚೇರಿಗೂ ವಿಮಾ ಕಂಪನಿಗೂ ತಿಳಿಸಬೇಕೆಂಬ ನಿಯಮ ಹಲವು ಕಡೆ ಇದೆ; ಸ್ಪ್ರಿಂಗ್ ಕೊಳ್ಳುವ ಮೊದಲೇ ನಿಮ್ಮಲ್ಲಿ ಏನಿದೆ ಎಂದು ವಿಚಾರಿಸಿ.