ಮಳೆ ಬಂದ ಮೇಲೂ ನಿಲ್ಲದ ಸಾವು

ಮಳೆ ಬಂದರೆ ಬರ ಮುಗೀತು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ, ಅಲ್ವಾ? 1876–78ರ ಧಾತು, ಈಶ್ವರ ಸಂವತ್ಸರಗಳ ಬರವನ್ನು ಬಳ್ಳಾರಿ ಸೀಮೆಯಲ್ಲಿ ನಿಂತು ನೋಡಿದರೆ ಆ ಲೆಕ್ಕ ತಪ್ಪುತ್ತದೆ.

ಸಹ್ಯಾದ್ರಿ ದಾಟಿ ಇತ್ತ ಬರುವಷ್ಟರಲ್ಲಿ ಮುಂಗಾರಿನ ಮೋಡ ಅರ್ಧ ಬರಿದಾಗಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಇರುವುದು ಆ ಮಳೆ ನೆರಳಿನಲ್ಲೇ. ಹಿಂಗಾರು ಕೈಹಿಡಿದರೆ ಎರೆಹೊಲದಲ್ಲಿ ಬಿಳಿಜೋಳ. 1876ರಲ್ಲಿ ಎರಡೂ ಕೈಕೊಟ್ಟವು. ಮರುವರ್ಷ ಪೆಸಿಫಿಕ್ ಸಾಗರದ ನೀರು ವಿಪರೀತ ಬಿಸಿಯಾಗಿ, ನಮ್ಮ ಮುಂಗಾರು ಮತ್ತೆ ಸೊರಗಿತು. ಸಾಗರ ಹೀಗೆ ಬಿಸಿಯಾಗುವುದಕ್ಕೆ ಎಲ್ ನಿನೊ ಅನ್ನುತ್ತಾರೆ. ದಾಖಲೆಯಲ್ಲಿರುವ ಅತಿ ಪ್ರಬಲ ಎಲ್ ನಿನೊಗಳಲ್ಲಿ ಅದೂ ಒಂದು.

ಹಾಗಂತ ಮಳೆ ಹೋದ ಮಾತ್ರಕ್ಕೆ ಇಷ್ಟು ಜನ ಸಾಯಬೇಕಿರಲಿಲ್ಲ. ಈ ಕಡೆ ಹಗೇವು ಇದ್ದವು. ನೆಲದಲ್ಲಿ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡುತ್ತಾ ಒಳಗಿನ ಆಮ್ಲಜನಕ ಮುಗಿದು, ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕೇ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಗಾಳಿಯಾಡಲು ಬಿಡುತ್ತಿದ್ದರು. ಆದರೆ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಾದಾಗ ಕಾಳು ಪೇಟೆಯ ದಾರಿ ಹಿಡಿಯಿತು. ಎಷ್ಟೋ ಎರೆಹೊಲಗಳಲ್ಲಿ ಹತ್ತಿ ಬಂತು.

ರೈಲೂ ಬಂದಿತ್ತು. 1871ರಲ್ಲೇ ಮುಂಬೈ ಮತ್ತು ಮದರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದ್ದವು. ಬರದಲ್ಲಿ ಅದೇ ಹಳಿಯ ಮೇಲೆ ಧಾನ್ಯವೂ ಬಂತು. ಕೊಳ್ಳುವವರ ಕೈಯಲ್ಲಿ ಮಾತ್ರ ರೊಕ್ಕ ಇರಲಿಲ್ಲ. ಹೊಲದ ಕೆಲಸವೇ ಇಲ್ಲದ ಮೇಲೆ ಕೂಲಿ ಎಲ್ಲಿಂದ? ಅತ್ತ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಲೇ ಇತ್ತು.

1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್, ಖರ್ಚು ತಗ್ಗಿಸಲೆಂದು ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಕಳಿಸಿದ. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೊಂದು ಆಣೆ ಸಾಕು ಅಂತ ಟೆಂಪಲ್ ನಿಗದಿ ಮಾಡಿದ. ಕಲ್ಲು ಒಡೆದು ಮಣ್ಣು ಹೊರುವವನಿಗೆ ಇದು ಎಲ್ಲಿಗೆ ಸಾಕು? ಮದರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ಡಾ. ಕಾರ್ನಿಶ್ ಗಟ್ಟಿಯಾಗಿ ವಿರೋಧಿಸಿದರು. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಜನರ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಆ ಬರದಲ್ಲಿ ನಡೆದ ಅನ್ಯಾಯಗಳಲ್ಲಿ ನನಗೆ ತೀರಾ ಸಂಕಟವಾಗುವುದು ಇದಕ್ಕೇ. ಅದು ಆಕಾಶ ಮಾಡಿದ್ದಲ್ಲ, ಕಾಗದದ ಮೇಲೆ ಲೆಕ್ಕ ಹಾಕಿ ಮಾಡಿದ್ದು.

ಸವೆದ ಮೈಗೆ ರೋಗ ಬೇಗ ಹತ್ತುತ್ತದೆ. ಬತ್ತಿದ ಬಾವಿಯ ತಳದ ನೀರನ್ನೇ ಊರೆಲ್ಲ ಕುಡಿಯಬೇಕಾಯಿತು. ಗಂಜಿ ಕೇಂದ್ರಗಳಲ್ಲಿ ಜನ ಒತ್ತೊತ್ತಾಗಿ ತುಂಬಿದ್ದರು. ಕಾಲರಾ, ಭೇದಿ, ಸಿಡುಬು ಹಬ್ಬಿದವು. 1877ರ ಕೊನೆಯ ತಿಂಗಳುಗಳಲ್ಲಿ ಮಳೆ ಬಂದಾಗ ಕುಂಟೆಗಳಲ್ಲಿ ನೀರು ನಿಂತು ಸೊಳ್ಳೆ ಹುಟ್ಟಿದವು, ಮಲೇರಿಯಾ ಶುರುವಾಯಿತು. ದನಗಳು ಮೊದಲೇ ಸತ್ತಿದ್ದರಿಂದ ಸೊಳ್ಳೆಗಳು ಮನುಷ್ಯರನ್ನೇ ಜಾಸ್ತಿ ಕಚ್ಚಿದವು ಎಂಬ ವಾದವೂ ಇದೆ. ಬಿತ್ತಲು ಹೊಲಕ್ಕೆ ಹೋಗಬೇಕಾದವರು ಜ್ವರದಲ್ಲಿ ಮಲಗಿದರು. ಈ ಜ್ವರಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ, ಅಂದರೆ ಇಪ್ಪತ್ತು ವರ್ಷ ತಡವಾಗಿ.

1871ಕ್ಕೂ 1881ಕ್ಕೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಇಳಿಯಿತು. ಸತ್ತವರ ಜೊತೆಗೆ ಊರು ಬಿಟ್ಟು ಹೋದವರೂ ಆ ಲೆಕ್ಕದಲ್ಲಿದ್ದಾರೆ. ಹಸಿದ ತಾಯಂದಿರಿಗೆ ಬಸಿರು ನಿಲ್ಲದೆ ಹುಟ್ಟದೇ ಹೋದ ಕೂಸುಗಳೂ ಇದ್ದಾವೆ.