‘ಐ7, 4 ಜಿಬಿ ಗ್ರಾಫಿಕ್ಸ್, ಬರೀ 28 ಸಾವಿರ’: ಗೇಮಿಂಗ್‌ಗೆ ಈ ಸೆಟ್ ತಗೋಬೇಕೋ, ಬಿಡಬೇಕೋ?

ಪ್ರಶ್ನೆ: ಸರ್ರ, ನಾವು ಗದಗಿನವ್ರು. ಮಗಗ ಗೇಮ್ ಆಡಾಕ, ಕಾಲೇಜಿನ ಕೆಲಸಕ್ಕ ಒಂದು ಕಂಪ್ಯೂಟರ್ ಬೇಕಾಗೇತಿ. ಮಾನಿಟರ್ ಮನ್ಯಾಗ ಐತಿ. 50 ಸಾವಿರದ ತನಕ ಹಾಕ್ತೀವಿ. ಹುಬ್ಬಳ್ಳ್ಯಾಗ ಒಬ್ಬರು ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್’ ಇರೋ ಸೆಟ್ಟು 28 ಸಾವಿರಕ್ಕ ಕೊಡ್ತೀನಿ ಅಂತಾರ. ರೊಕ್ಕಾನೂ ಉಳೀತೈತಿ. ತಗೊಳ್ಳೂಣೋ, ಬ್ಯಾಡೋ?

ಉತ್ತರ: ಬ್ಯಾಡ್ರಿ. ಸಂತೆಯಲ್ಲಿ ಹಲ್ಲು ನೋಡದೆ ಎತ್ತು ಹಿಡಿಯುವವರುಂಟೇ? ‘ಐ7’ ಅನ್ನುವುದು ಜಾತಿ, ವಯಸ್ಸಲ್ಲ. ವಯಸ್ಸು ಗೊತ್ತಾಗುವುದು ಅದರ ಮುಂದಿನ ಅಂಕಿಯಿಂದ. ಈ ದರದ ಸೆಟ್ಟುಗಳಲ್ಲಿ ಹೆಚ್ಚಾಗಿ ಕೂತಿರುವುದು ಐ7-2600, 3770 ಅಥವಾ 4770. ಅಂದರೆ 2011ರಿಂದ 2013ರ ನಡುವೆ ಬಂದ ಮಾಲು. ಹೊಸ ಕ್ಯಾಬಿನೆಟ್, ಬಣ್ಣದ ಫ್ಯಾನು ಹಾಕಿದ ಮಾತ್ರಕ್ಕೆ ಅದಕ್ಕೆ ಪ್ರಾಯ ಬರುವುದಿಲ್ಲ. 3770ರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಸಾಲು), ಐ3-12100ಎಫ್‌ನಲ್ಲೂ ಅಷ್ಟೇ. ಆದರೂ ಹತ್ತು ವರ್ಷ ಈಚಿನ ಈ ಐ3, ಆಟದಲ್ಲಿ ಆ ಐ7 ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ.

ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಮೂರೂ ಪ್ರೊಸೆಸರ್ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತಾರೆ, ಹೌದು. ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಆನ್ ಆಗುವಾಗಿನ ಭದ್ರತಾ ತಪಾಸಣೆ) ಎರಡೂ ಬೇಕು; ಇಷ್ಟು ಹಳೆ ಸೆಟ್ಟಿನಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಹುಡುಗರು ಮೊದಲ ದಿನ ಹಾಕುವ ಆಟವೇ ಅದು.

‘4 ಜಿಬಿ ಗ್ರಾಫಿಕ್ಸ್’ ಅಂದಾಗಲೂ ಕಾರ್ಡಿನ ಹೆಸರು ಕೇಳಿ. ಜಿಟಿ 730 ಅಂದರೆ ಅಲ್ಲಿಂದಲೇ ಎದ್ದು ಬನ್ನಿ. 64 ಬಿಟ್, ಡಿಡಿಆರ್3 ಇರುವ ಜಿಟಿ 730ರ ಮೆಮೊರಿ ಸೆಕೆಂಡಿಗೆ ಹರಿಸುವುದು ಸುಮಾರು 14 ಜಿಬಿ; ಆರ್‌ಎಕ್ಸ್ 6600 ಹರಿಸುವುದು 224 ಜಿಬಿ. ಕೆರೆ ಎಷ್ಟು ದೊಡ್ಡದಿದ್ದರೇನು, ತೂಬು ಬೆರಳಷ್ಟೇ ಇದ್ದರೆ ಹೊಲಕ್ಕೆ ನೀರು ಹತ್ತುವುದಿಲ್ಲ.

ನಿಮ್ಮ 50 ಸಾವಿರದಲ್ಲಿ ಮೊದಲು ಗ್ರಾಫಿಕ್ಸ್ ಕಾರ್ಡಿಗೆ 20 ಸಾವಿರದ ಆಚೀಚೆ ಎತ್ತಿಡಿ. ಆರ್‌ಎಕ್ಸ್ 6600 ಅಥವಾ ಅದೇ ದರ್ಜೆಯ 8 ಜಿಬಿ ಕಾರ್ಡ್ ಸಾಕು. 1080ಪಿ (ಫುಲ್ ಎಚ್‌ಡಿ) ಮಾನಿಟರಿಗೆ ಅದಕ್ಕಿಂತ ದೊಡ್ಡದು ಈ ಬಜೆಟ್ಟಿನಲ್ಲಿ ಬೇಡ. ಪ್ರೊಸೆಸರ್‌ಗೆ ರೈಜನ್ 5 5600, ಜೊತೆಗೆ ಬಿ550 ಮದರ್‌ಬೋರ್ಡ್. ಅಂಗಡಿಯವರು ‘5500 ಕೊಡ್ತೀನಿ, ಅದೂ ಆರು ಕೋರೇ’ ಅನ್ನಬಹುದು. ಕೋರ್ ಆರು ನಿಜ. ಆದರೆ ಅದರಲ್ಲಿ ಎಲ್3 ಕ್ಯಾಶೆ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. ಆಟದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಹಣ ಸಾಲದಿದ್ದರೆ ಐ3-12100ಎಫ್ ಮತ್ತು ಅದಕ್ಕೆ ಹೊಂದುವ ಬೋರ್ಡಿಗೆ ಇಳಿಯಿರಿ, ಕಾರ್ಡ್ ಮಾತ್ರ ಇಳಿಸಬೇಡಿ. ಬಿ450 ಬೋರ್ಡ್ ತಗೊಂಡರೆ ಅದರಲ್ಲಿ 5000 ಸರಣಿಯ ರೈಜನ್‌ಗೆ ಬೇಕಾದ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಇದೆಯೇ ಎಂದು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಹಳೆ ಬಯಾಸ್ ಇದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ.

ಈಗ ಲೆಕ್ಕ ತಪ್ಪಿಸುವುದು ರ‍್ಯಾಮ್. 2025ರ ಕೊನೆಯಿಂದ ಅದರ ದರ ಜಿಗಿದಿದೆ, ಎಸ್‌ಎಸ್‌ಡಿಯದೂ (ಫೈಲು ಇಡುವ ಡಿಸ್ಕ್) ಹಿಂದೆಯೇ ಏರಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವ ಧೈರ್ಯ ಇದ್ದರೆ ರ‍್ಯಾಮಿನಲ್ಲಿ ತೋರಿಸಿ. ಹಳೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬಿ), ಹಳೆ ಎಸ್‌ಎಸ್‌ಡಿ ಮಾತ್ರ ಬೇಡ. ಬೇಕಾದದ್ದು ಡಿಡಿಆರ್4 3200ರ 8 ಜಿಬಿ ಕಡ್ಡಿ ಎರಡು. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ದಾರಿ ಅರ್ಧವಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ಣ ವೇಗಕ್ಕೆ ತರುವ ಆಯ್ಕೆ) ಆನ್ ಮಾಡಿ. ಇಲ್ಲದಿದ್ದರೆ 3200ರ ಕಡ್ಡಿ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ.

ನಮ್ಮ ಕಡೆ ಕಂಪ್ಯೂಟರ್ ಕೆಡುವುದಕ್ಕೆ ಆಟಕ್ಕಿಂತ ಕರೆಂಟೇ ಕಾರಣ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡವೇ ಬೇಡ. ಡಬ್ಬಿಯ ಮೇಲೆ ದೊಡ್ಡದಾಗಿ 450 ಎಂದು ಬರೆದಿದ್ದರೂ ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲು ಓದಿ. ಅಲ್ಲಿ 16 ಆಂಪಿಯರ್ ಇದ್ದರೆ 12×16, ಅಂದರೆ 192 ವ್ಯಾಟ್ ಮಾತ್ರ. 6600 ಕಾರ್ಡ್ ಒಂದೇ 132 ವ್ಯಾಟ್ ಕೇಳುತ್ತದೆ, 5600 ಪ್ರೊಸೆಸರ್ 65ರ ದರ್ಜೆಯದು. ಆಟ ಜೋರಾದಾಗಲೇ ಕಂಪ್ಯೂಟರ್ ಫಟ್ಟನೆ ಆಫ್ ಆಗುವುದು ಇದರಿಂದಲೇ. ಒಳ್ಳೆಯ ಕಂಪನಿಯ 500–550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲಾಗದ ಗುಣಮಟ್ಟದ ಗುರುತು) ಇರುವ ಎಸ್‌ಎಂಪಿಎಸ್ ತಗೊಳ್ಳಿ, ಕಾರ್ಡಿಗೆ 8 ಪಿನ್ ವೈರ್ ಇದೆಯೇ ನೋಡಿ. ಇದಕ್ಕೆ 4 ಸಾವಿರ ಹೋದರೂ ಹೋಗಲಿ.

ಮನೆಯ ಇನ್ವರ್ಟರ್ ಮೇಲೆ ನಡೆಸುವುದಾದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇರಲಿ. ಇನ್ನೊಂದು ಕಡೆ ಇದ್ದರೆ ಕರೆಂಟ್ ಹೋದಾಗ ಬದಲಾಗಲು ತಡವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಬೇರೆ ಯುಪಿಎಸ್ ತರುವುದಾದರೆ 600 ವಿಎ ಸಾಲದು, 1 ಕೆವಿಎ ನೋಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಹೆಚ್ಚಾಗಿ ಅದು ಕಂಪ್ಯೂಟರಿನ ದೋಷವಲ್ಲ, ಗೋಡೆಯ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥಿಂಗ್ ಇಲ್ಲ. ಹಳೆ ಮನೆಗಳಲ್ಲಿ ಇದು ಮಾಮೂಲು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಕ್ಯಾಬಿನೆಟ್ ಮುಂಭಾಗ ಗಾಜಿನದ್ದಲ್ಲ, ಜಾಳಿಗೆಯದ್ದಿರಲಿ; ತೆಗೆದು ತೊಳೆಯುವ ಫಿಲ್ಟರ್ ಇರಲಿ. ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಎಷ್ಟು ಸೇರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ, ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ.

ಅಂಗಡಿಯಲ್ಲಿ ಪ್ರತಿ ಬಿಡಿಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ, ಖಾಲಿ ಡಬ್ಬಿಗಳನ್ನೂ ಬಿಡಬೇಡಿ. ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ತರುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಸುಮಾರು 60 ಕಿಲೋಮೀಟರ್ ಕುಲುಕಾಟಕ್ಕೆ ಕಾರ್ಡಿನ ಭಾರ ಸ್ಲಾಟ್ ಮೇಲೆಯೇ ಬೀಳುತ್ತದೆ. ಮನೆಯಲ್ಲಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ, ಸ್ಕ್ರೂ ಹಾಕಿ, 8 ಪಿನ್ ವೈರ್ ಸಿಕ್ಕಿಸಿ. ಮಾನಿಟರಿನ ಕೇಬಲ್ಲನ್ನು ಮೇಲಿನ ಮದರ್‌ಬೋರ್ಡ್ ಕಿಂಡಿಗೆ ಹಾಕಬೇಡಿ, ಕೆಳಗಿನ ಕಾರ್ಡಿಗೇ ಹಾಕಿ: 5600ರಲ್ಲೂ 12100ಎಫ್‌ನಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ, ಮೇಲಿನ ಕಿಂಡಿಯಿಂದ ಚಿತ್ರ ಬರುವುದಿಲ್ಲ.