ಫಜ್ ಪೆಡಲ್: ಗದ್ದಲ ಹೆಚ್ಚು, ದನಿ ಕಡಿಮೆ ಏಕೆ?

ಗಿಟಾರಿನ ನಯವಾದ ನಾದವನ್ನು ಬೇಕೆಂದೇ ಒರಟಾಗಿಸುವ ಫಜ್ ಪೆಡಲನ್ನು ಮನೆಯಲ್ಲೇ ಕಟ್ಟಲು ಹೊರಟವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಫಜ್ ಫೇಸ್ ಸರ್ಕ್ಯೂಟನ್ನು. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ಹೊರತಂದ ಈ ಪೆಡಲ್ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರಿಂದ ಜಗತ್ಪ್ರಸಿದ್ಧವಾಯಿತು. ಅದರೊಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್ ಮತ್ತು ಎರಡು ನಾಬ್, ಅಷ್ಟೇ. ಇಷ್ಟು ಚಿಕ್ಕ ಸರ್ಕ್ಯೂಟನ್ನು ಬೆಸೆದು ಮುಗಿಸಿದ ಮೇಲೂ ಗದ್ದಲ ವಿಪರೀತವಾಗಿದೆ, ದನಿ ಮಾತ್ರ ಏಳುತ್ತಿಲ್ಲ ಎಂಬ ದೂರು ಬಹಳ ಸಾಮಾನ್ಯ.

ಇವನ್ನು ಎರಡು ದೋಷಗಳೆಂದು ಎಣಿಸಿ ಬೇರೆ ಬೇರೆಯಾಗಿ ಹುಡುಕುವುದು ಹಲವು ಸಲ ವ್ಯರ್ಥ ಶ್ರಮ. ಪೆಡಲಿನಿಂದ ಹೊರಬರುವ ಸಿಗ್ನಲ್ ಕುಗ್ಗಿದಾಗ ನಾವು ಆಂಪ್ಲಿಫೈಯರಿನ ವಾಲ್ಯೂಮ್ ಏರಿಸುತ್ತೇವೆ. ಆಗ ಸಿಗ್ನಲ್ಲಿನ ಜೊತೆಗೆ, ಮೊದಲಿನಿಂದಲೂ ಅಡಗಿದ್ದ ಗದ್ದಲವೂ ಅಷ್ಟೇ ಪಟ್ಟು ಏರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಗದ್ದಲ ಎಲ್ಲಿಂದ ಬಂತು ಎಂಬುದಲ್ಲ, ಸಿಗ್ನಲ್ ಎಲ್ಲಿ ಕಳೆದುಹೋಯಿತು ಎಂಬುದು.

ಇದಕ್ಕೆ ಉತ್ತರ ಕೊಡುವುದು ಮಲ್ಟಿಮೀಟರ್. 9 ವೋಲ್ಟಿನ ಹೊಸ ಬ್ಯಾಟರಿ ಹಾಕಿ, ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ (ಅದರ ಮೂರು ಕಾಲುಗಳಲ್ಲಿ ಒಂದು; ಉಳಿದವು ಬೇಸ್ ಮತ್ತು ಎಮಿಟರ್) ಮತ್ತು ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿ) ನಡುವಿನ ವೋಲ್ಟೇಜನ್ನು ಅಳೆಯಬೇಕು. ಅದು 4.5ರ ಆಸುಪಾಸಿನಲ್ಲಿದ್ದರೆ ಅಲೆಗೆ ಮೇಲೂ ಕೆಳಗೂ ಸಮನಾದ ಜಾಗವಿದೆ ಎಂದರ್ಥ. 8.5 ಇದ್ದರೆ ಟ್ರಾನ್ಸಿಸ್ಟರ್ ಹೆಚ್ಚುಕಡಿಮೆ ಮುಚ್ಚಿಕೊಂಡಿದೆ. 1ರ ಬಳಿ ಇದ್ದರೆ ಪೂರ್ತಿ ತೆರೆದುಕೊಂಡಿದೆ. ಎರಡೂ ಸಂದರ್ಭಗಳಲ್ಲಿ ಸ್ವರ ಕುಗ್ಗಿ, ಕರಕರ ಎಂದು ತುಂಡಾಗುತ್ತದೆ. ಮೂಲ ಸರ್ಕ್ಯೂಟಿನಲ್ಲಿ ಈ ಕಲೆಕ್ಟರಿಗೆ ಜೋಡಿಸಿರುವ 8.2 ಕಿಲೋಓಮ್ ರೆಸಿಸ್ಟರ್ ಹಳೆಯ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರಿಗೆಂದು ಲೆಕ್ಕ ಹಾಕಿದ್ದು. ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದಾಗ ಅದೇ ರೆಸಿಸ್ಟರ್ ಕಲೆಕ್ಟರನ್ನು 3 ವೋಲ್ಟಿನ ಸಮೀಪಕ್ಕೆ ಇಳಿಸಿಬಿಡಬಹುದು. ಅಲ್ಲಿ 10 ಕಿಲೋಓಮಿನ ಪ್ರೀಸೆಟ್ (ತಿರುಗಿಸಿ ಹೊಂದಿಸಬಹುದಾದ ರೆಸಿಸ್ಟರ್) ಕೂಡಿಸಿ ಸರಿಹೊಂದಿಸುವುದು, ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋಗುವುದಕ್ಕಿಂತ ಎಷ್ಟೋ ಮೇಲು.

ವೋಲ್ಟೇಜ್ ತೀರಾ ಅಡ್ಡಾದಿಡ್ಡಿಯಾಗಿದ್ದರೆ ಟ್ರಾನ್ಸಿಸ್ಟರಿನ ಕಾಲುಗಳತ್ತ ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬಿಸಿ547 (BC547) ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದರೆ ಎಡದಿಂದ ಬರುವ ಕ್ರಮ ಕಲೆಕ್ಟರ್, ಬೇಸ್, ಎಮಿಟರ್. ಅಮೆರಿಕದ ನಕ್ಷೆಗಳಲ್ಲಿ ಪದೇಪದೇ ಕಾಣುವ 2ಎನ್3904 (2N3904) ಟ್ರಾನ್ಸಿಸ್ಟರಿನಲ್ಲಿ ಈ ಕ್ರಮ ಪೂರ್ತಿ ತಿರುವುಮುರುವು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೆಯೇ ನಿಲ್ಲಿಸಿದರೆ ಪೆಡಲ್ ಸಂಪೂರ್ಣ ಸಾಯುವುದಿಲ್ಲ ಎಂಬುದೇ ತೊಡಕು: ಹಿಂದುಮುಂದಾದ ಟ್ರಾನ್ಸಿಸ್ಟರ್ ಕೂಡ ಅತ್ಯಲ್ಪ ಗೇನಿನೊಂದಿಗೆ (ಸಿಗ್ನಲನ್ನು ಹಿಗ್ಗಿಸುವ ಸಾಮರ್ಥ್ಯದೊಂದಿಗೆ) ಕೆಲಸ ಮಾಡುತ್ತದೆ. ಅದರ ಜೊತೆಗೆ, 6 ವೋಲ್ಟಿನಷ್ಟೇ ಹಿಮ್ಮುಖ ಒತ್ತಡ ತಾಳಬಲ್ಲ ಬೇಸ್-ಎಮಿಟರ್ ಸಂಧಿ ಈಗ ಬ್ಯಾಟರಿಯ ಕಡೆಗೆ ತಿರುಗಿರುತ್ತದೆ. ಮಿತಿ ಮೀರಿದಾಗ ಆ ಸಂಧಿ ಸುಯ್ಯೆಂಬ ಗದ್ದಲವನ್ನು ಉತ್ಪಾದಿಸುತ್ತದೆ. ಗದ್ದಲವನ್ನೇ ಉತ್ಪಾದಿಸುವ ನಾಯ್ಸ್ ಜನರೇಟರ್ ಉಪಕರಣಗಳಲ್ಲಿ ಇದೇ ವಿದ್ಯಮಾನವನ್ನು ಬೇಕೆಂದು ಬಳಸುತ್ತಾರೆ. ಒಂದೇ ತಪ್ಪಿನಿಂದ ಎರಡು ದೂರುಗಳು ಹುಟ್ಟುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಎಲ್ಲವೂ ಸರಿಯಿದ್ದೂ ದನಿ ಸಣ್ಣಗಿದ್ದರೆ ಅದು ವಿನ್ಯಾಸದ ಗುಣವೇ ಇರಬಹುದು. ಮೂಲ ನಕ್ಷೆಯಲ್ಲಿ ಸಿಗ್ನಲನ್ನು ಕಲೆಕ್ಟರಿನಿಂದ ನೇರವಾಗಿ ತೆಗೆಯದೆ, 8.2 ಕಿಲೋಓಮ್ ಮತ್ತು 470 ಓಮ್ ರೆಸಿಸ್ಟರುಗಳು ಕೂಡುವ ಜಾಗದಿಂದ ತೆಗೆಯಲಾಗುತ್ತದೆ; ಅಲ್ಲಿ ಸಿಗುವುದು ಸುಮಾರು ಹದಿನೆಂಟನೆಯ ಒಂದು ಭಾಗ ಮಾತ್ರ. 470ರ ಬದಲು 1 ಕಿಲೋಓಮ್ ಹಾಕಿದರೆ ಹೊರಬರುವ ಸಿಗ್ನಲ್ ಇಮ್ಮಡಿಯಾಗುತ್ತದೆ.

ಇಷ್ಟಾದ ಮೇಲೂ ಉಳಿಯುವ ಗದ್ದಲವನ್ನು ಕಿವಿಯಿಂದಲೇ ವಿಂಗಡಿಸಬಹುದು. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಗುಂಯ್‌ಗುಡುವಿಕೆ ನಿಂತರೆ ಪೆಡಲಿನ ತಪ್ಪಿಲ್ಲ; ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಗಳ ಕಂಪನವನ್ನು ಹಿಡಿಯುವ ಒಂದೇ ಸುರುಳಿಯ ಭಾಗ) ಮನೆಯ ವೈರಿಂಗಿನ 50 ಹರ್ಟ್ಸ್ ಹಮ್ಮನ್ನು ಹಿಡಿಯುತ್ತಿದೆ. ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿದಾಗ ನಿಂತರೆ ದೋಷ ಅಡಾಪ್ಟರಿನದು. ಕೀರಲು ಸದ್ದು ಬರುತ್ತಿದ್ದರೆ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳನ್ನು ದೂರ ಸರಿಸಬೇಕು. ರೇಡಿಯೋ ಕೇಳಿಸುತ್ತಿದ್ದರೆ ಗ್ರೌಂಡಿಗೆ ಜೋಡಿಸಿದ ಲೋಹದ ಡಬ್ಬಿಯೊಳಗೆ ಎಲ್ಲವನ್ನೂ ಮುಚ್ಚಿ, ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪೈಕೋಫ್ಯಾರಡ್ ಆಸುಪಾಸಿನ ಕೆಪಾಸಿಟರ್ ಕೂರಿಸಿದರೆ ಸಾಮಾನ್ಯವಾಗಿ ಸಾಕು.

ಹಳೆಯ ಎಸಿ128 (AC128) ನಂಥ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೆ ಮಾತ್ರ ಬೇರೆಯೇ ಎಚ್ಚರ ಬೇಕು. ಬೇಸ್ ಕಾಲಿಗೆ ಏನೂ ಕೊಡದಿದ್ದರೂ ಅವುಗಳಲ್ಲಿ ಕರೆಂಟ್ ಸೋರುತ್ತದೆ. ಮಲ್ಟಿಮೀಟರ್ ಆ ಸೋರಿಕೆಯನ್ನೂ ಗೇನಿನ ಲೆಕ್ಕಕ್ಕೆ ಸೇರಿಸಿ ಸುಳ್ಳು ಅಂಕಿ ತೋರಿಸುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಇಮ್ಮಡಿಯಾಗುವುದರಿಂದ, ಚಳಿಗಾಲದಲ್ಲಿ 4.5 ವೋಲ್ಟಿಗೆ ಹೊಂದಿಸಿಟ್ಟ ಪೆಡಲ್ ಕಲಬುರಗಿಯ ಮೇ ತಿಂಗಳಲ್ಲಿ ಬೇರೆಯೇ ಅಂಕಿ ತೋರಿಸುತ್ತದೆ; ಪ್ರೀಸೆಟ್ಟನ್ನು ಡಬ್ಬಿಯ ಹೊರಗಿನಿಂದ ತಿರುಗಿಸಲು ಬರುವಂತೆ ಕೂರಿಸುವುದೇ ಇದಕ್ಕೆ ಸರಳವಾದ ಉಪಾಯ.